ಬೆಕ್ಕಿನ ಪಥ್ಯ

ಬೆಕ್ಕಿನ ಕಿವಿಯ ಒಳಭಾಗ ಹಳದಿಯಾಗಿರುವುದನ್ನು ಮೊದಲು ನೋಡಿದವರು ಮನೆಯ ಯಜಮಾನಿ. ಹೊನ್ನಾಳಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆ ಅವರ ಮನೆಗೆ ಅಂಟಿಕೊಂಡೇ ಇತ್ತು. ಹಿತ್ತಲು ಇಬ್ಬರಿಗೂ ಒಂದೇ. ಕಾಲೇಜಿನಲ್ಲಿ ಪಾಠ ಹೇಳಿ ಬಂದ ಮೇಲೆ ನನಗೆ ಮಾತಿಗೆ ಸಿಗುತ್ತಿದ್ದುದು ಹಿತ್ತಲಿಗೆ ಬಂದು ನನಗೆ ಒಗ್ಗಿಕೊಂಡಿದ್ದ ಆ ಬೆಕ್ಕು, ಬಿಟ್ಟರೆ ಅವರು. ಸಂಜೆ ಅವರು ಅಡುಗೆಮನೆಗೆ ಕರೆದು, ಒಲೆಯ ಪಕ್ಕ ಕೂರಿಸಿ, ಬಿಸಿ ರೊಟ್ಟಿ ಹಾಕುತ್ತಿದ್ದರು.

ಕಾಮಾಲೆ ಎಂದು ಅವರೇ ತೀರ್ಮಾನಿಸಿದರು. ಮರುದಿನ ನ್ಯಾಮತಿ ಕಡೆಯ ಹಳ್ಳಿಯಿಂದ ಸೊಪ್ಪಿನ ಔಷಧಿ ಬಂತು, ಮನುಷ್ಯರಿಗೆ ಕೊಡುವಂಥದ್ದೇ. ಜೊತೆಗೆ ಪಥ್ಯ: ಉಪ್ಪಿಲ್ಲದ ಗಂಜಿ, ನೀರು ಮಜ್ಜಿಗೆ. ಅವರ ಗಂಡನಿಗೆ ಕಾಮಾಲೆ ವಾಸಿಯಾದದ್ದು ಇದರಿಂದಲೇ ಅಂತೆ. ಬೆಕ್ಕು ಗಂಜಿಯನ್ನು ಮೂಸಿ ಮಂಚದ ಕೆಳಗೆ ಹೋಗಿ ಮಲಗಿತು.

"ನಮ್ಮ ಯಜಮಾನ್ರೂ ಹಿಂಗೇ ಮುಖ ತಿರುವ್ತಿದ್ರು," ಎಂದರು. "ಎಲ್ಡು ದಿನ ಬಿಡು, ಹಸಿವಾದ್ರೆ ತಾನೇ ಕುಡಿತೈತೆ."

ಕುಡಿಯಲಿಲ್ಲ. ಬೆನ್ನಿನ ಮೂಳೆ ಕೈಗೆ ಸಿಗತೊಡಗಿದಾಗ ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ಎಮ್ಮೆಗಳ ಸಾಲು ಮುಗಿದ ಮೇಲೆ ವೈದ್ಯರು ನೋಡಿದರು. ಲಿವರ್ ಕೆಟ್ಟಿದೆ ಎಂದರು. ಬೆಕ್ಕು ಊಟ ಬಿಟ್ಟಷ್ಟೂ ಮೈಯ ಕೊಬ್ಬು ಹೋಗಿ ಲಿವರಿನಲ್ಲಿ ತುಂಬಿಕೊಳ್ಳುತ್ತದೆ, ಮನುಷ್ಯರ ಪಥ್ಯ ಇದಕ್ಕೆ ಉಪವಾಸವಿದ್ದಂತೆ. ಮೀನನ್ನೋ ಕೋಳಿಯನ್ನೋ ಬೇಯಿಸಿ, ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಕೊಡಬೇಕು. ಇಲ್ಲದಿದ್ದರೆ ಉಳಿಯುವುದಿಲ್ಲ.

ಯಜಮಾನಿಯದು ಲಿಂಗ ಕಟ್ಟಿದ ಮನೆತನ. ಕೋಣೆ ಕೊಡುವಾಗ ಮಾಂಸ, ಮೀನು ಮಾಡಬಾರದು ಎಂದಿದ್ದರು, ನಾನು ಒಪ್ಪಿದ್ದೆ. ನೀವು ಯಾವ ಜನ ಎಂದು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ನನ್ನ ಊರು ಸೂಳೆಕೆರೆಯ ದಂಡೆಯಲ್ಲಿದೆ. ನಮ್ಮ ಮನೆಯಲ್ಲಿ ಮೀನಿನ ವಾಸನೆ ಇಲ್ಲದ ವಾರ ಇರಲಿಲ್ಲ. ಹೊನ್ನಾಳಿಗೆ ಬಂದ ಮೇಲೆ ಎಲ್ಲವನ್ನೂ ಬಿಟ್ಟಿದ್ದೆ.

ವೈದ್ಯರ ಮಾತನ್ನು ತಿಳಿಸಿದಾಗ ಅವರು ಬೆಕ್ಕಿನ ಕಡೆ ತಿರುಗಿದರು.

"ಸನ್ಯಾಸಿ ಬೆಕ್ಕು ಅಂತ ತಿಳ್ಕಂಡಿದ್ದೆ. ಆಗ್ಲಿ, ಜೀವ ಉಳೀಲಿ. ಹಿತ್ತಲಾಗೆ ನೀರೊಲೆ ಐತಲ್ಲ, ಅಲ್ಲಿ ಮಾಡ್ಕ. ಪಾತ್ರೆ ಮಾತ್ರ ಒಳಗೆ ತರಬ್ಯಾಡ."

ಹೊಳೆಯ ಕಡೆಯಿಂದ ಸಣ್ಣ ಮೀನು ತಂದೆ. ಅವರು ಬಾಗಿಲಲ್ಲಿ ಸೆರಗನ್ನು ಮೂಗಿಗೆ ಹಿಡಿದು ನಿಂತರು. ನನಗೆ ವಾಕರಿಕೆ ಬಂದೀತೆಂದು ನಿಂಬೆಹಣ್ಣು ಕೂಡ ತಂದಿಟ್ಟಿದ್ದರು. ನಾನು ಒಲೆಯ ಬೂದಿ ಹಚ್ಚಿ, ಒರಟು ಕಲ್ಲಿನ ಮೇಲೆ ಮೀನು ಉಜ್ಜಿದೆ. ಹೆಬ್ಬೆರಳಿನಿಂದ ಹೊಟ್ಟೆ ಸೀಳಿ, ಪಿತ್ತ ಒಡೆಯದಂತೆ ಕರುಳು ತೆಗೆದೆ. ಚಿಕ್ಕಂದಿನಿಂದ ಮಾಡಿದ ಕೆಲಸ. ಕೈಗಳು ತಾವಾಗಿಯೇ ಮಾಡಿಕೊಂಡು ಹೋದವು. ತಲೆ ಎತ್ತಿದಾಗ ಅವರು ಮೀನನ್ನಲ್ಲ, ನನ್ನ ಕೈಗಳನ್ನು ನೋಡುತ್ತಿದ್ದರು.

"ಇದೆಲ್ಲ ಎಲ್ಲಿ ಕಲ್ತೆ?"

"ಮನೆಯಲ್ಲಿ, ಅಮ್ಮಾ."

"ಹೌದಾ," ಎಂದರು. "ಮುಳ್ಳು ನೋಡಿ ತೆಗಿ. ಗಂಟಲಿಗೆ ಸಿಕ್ಕೀತು," ಎಂದು ಒಳಗೆ ಹೋದರು.

ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಬಾಯಿಯ ಪಕ್ಕದಿಂದ ಸಿರಿಂಜು ತೂರಿಸುತ್ತಿದ್ದೆ. ಒಂದಿಷ್ಟು ನುಂಗುತ್ತಿತ್ತು, ಒಂದಿಷ್ಟು ನನ್ನ ಚೂಡಿದಾರಿನ ಮೇಲೆ ಉಗುಳುತ್ತಿತ್ತು. ತಣ್ಣಗಾದರೆ ಮುಟ್ಟುತ್ತಿರಲಿಲ್ಲ; ಮತ್ತೆ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದೆ. ಕಾಲೇಜಿನಿಂದ ಮಧ್ಯಾಹ್ನ ಓಡಿ ಬಂದು, ಕೈಗೆ ಎಷ್ಟು ಸೋಪು ಹಚ್ಚಿದರೂ ವಾಸನೆಯೊಂದಿಗೇ ತರಗತಿಗೆ ಮರಳುತ್ತಿದ್ದೆ.

ಯಜಮಾನಿ ಜಗಳ ಮಾಡಲಿಲ್ಲ. ಕೋಣೆ ಬಿಡು ಎನ್ನಲಿಲ್ಲ. ರೊಟ್ಟಿಯೂ ಬರುತ್ತಿತ್ತು, ಆದರೆ ನನ್ನ ಕೋಣೆಯ ಬಾಗಿಲಿಗೆ, ಎಲೆಯಲ್ಲಿ ಸುತ್ತಿ. "ಬಾ ಇಲ್ಲಿ" ಎಂಬ ಕೂಗು ನಿಂತುಹೋಯಿತು. ಸಂಜೆ ಅವರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಒಂದು ಭಾನುವಾರ ಮೀನಿನ ಪಾತ್ರೆ ಇಳಿಸಿ, ಒಂದಿಷ್ಟು ಅರೆದು ತಟ್ಟೆಗಿಟ್ಟು ಸಿರಿಂಜು ತೊಳೆಯುತ್ತಿದ್ದಾಗ, ಬೆಕ್ಕು ತಾನಾಗಿ ಬಂದು ತಟ್ಟೆಗೆ ಬಾಯಿ ಹಾಕಿತು. ನಾನು ಅಲುಗಾಡಲಿಲ್ಲ. ಅದು ತಟ್ಟೆ ನೆಕ್ಕಿ, ಮೀಸೆ ಒರೆಸಿಕೊಂಡು, ನೇರವಾಗಿ ಯಜಮಾನಿಯ ಅಡುಗೆಮನೆಗೆ ನಡೆಯಿತು. "ಬಂದ್ಯಾ, ಬಾ," ಎಂದು ಅವರು ಅದಕ್ಕೆ ಹಾಲು ಹುಯ್ದದ್ದು ಕೇಳಿಸಿತು.

ಪಾತ್ರೆಯಲ್ಲಿ ಇನ್ನೂ ನಾಲ್ಕಾರು ಮೀನು ಉಳಿದಿದ್ದವು. ಕೋಣೆಯಿಂದ ಉಪ್ಪು, ಖಾರದ ಪುಡಿ ತಂದು ಹಾಕಿ, ಅಂದು ಅವರು ವಾಕರಿಕೆಗೆಂದು ತಂದಿಟ್ಟಿದ್ದಂಥದೇ ಒಂದು ನಿಂಬೆಹಣ್ಣನ್ನು ಹಿಂಡಿ, ನೀರೊಲೆಯ ಮುಂದೆ ಕುಳಿತು ತಿಂದೆ.