ಸಬ್ಜೆಕ್ಟ್ ಇಲ್ಲದ ಮೇಲ್

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ಉಡುಪಿಯಲ್ಲಿರುವ ಅಮ್ಮನೂ ಇದನ್ನೇ ಹೇಳುತ್ತಾರೆ, ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ ನನ್ನ ಜೊತೆ ಬಾಳುವೆ ಮಾಡುತ್ತಿರುವ ಗಂಡನೂ ಹೇಳುತ್ತಾನೆ. ದೋಹಾದ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹೋದ ವರ್ಷ ಅಲ್ಲಿ ಮೇಲ್ ಆರ್ಕೈವ್ ಕೂರಿಸಿದೆ.

ಆರ್ಕೈವ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಕಂಪನಿಗೆ ಬರುವ, ಕಂಪನಿಯಿಂದ ಹೋಗುವ ಪ್ರತಿ ಮೇಲ್‌ನ ಒಂದು ನಕಲು ಬೇರೊಂದು ಸರ್ವರಿನಲ್ಲಿ ಕೂರುತ್ತದೆ. ನಿಮ್ಮ ಇನ್‌ಬಾಕ್ಸಿನಲ್ಲಿ ಏನನ್ನು ಅಳಿಸಿದರೂ ಆ ನಕಲು ಅಲ್ಲಿರುತ್ತದೆ. ಎರಡು ತಿಂಗಳು ಪರೀಕ್ಷೆಗೆ ಓಡಿಸಿಯಾಗಿತ್ತು. ಭಾನುವಾರ ಅಧಿಕೃತವಾಗಿ ಶುರುವಾಗಬೇಕಿತ್ತು.

ಅದಕ್ಕೆ ಮುಂಚಿನ ಬುಧವಾರ ಮ್ಯಾನೇಜರ್ ಕರೆದರು. ಸೈಟುಗಳೂ ಐಟಿಯೂ ಅವರ ಕೈಕೆಳಗೇ. ಅವರು ಮೇಲ್‌ಗೆ ಮೇಲ್‌ನಲ್ಲಿ ಉತ್ತರ ಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಫೋನು ಮಾಡಿ “ಯಲ್ಲಾ, ಬೇಗ ಬೇಗ ಕೆಲಸ ಮುಗಿಸಿ” ಎನ್ನುವುದೇ ಅವರ ಕ್ರಮ. ಅಂದೂ ಬಾಯಿಮಾತೇ, ಹಿಂದಿಯಲ್ಲಿ.

“ಸಬ್ಜೆಕ್ಟ್ ಇಲ್ಲದ ಮೇಲ್‌ಗಳೆಲ್ಲ ಕಸ. ಆರ್ಕೈವಿಗೆ ತಗೋಬಾರದು ಅಂತ ರೂಲ್ ಹಾಕಿ. ಇಲ್ಲಿವರೆಗಿನ ಟೆಸ್ಟ್ ಡೇಟಾ ಖಲಾಸ್ ಮಾಡಿ. ಜಾಗ ಉಳೀತದೆ.”

ಸಬ್ಜೆಕ್ಟ್ ಬರೆಯದವರು ಯಾರೆಂದು ಪಟ್ಟಿ ತೆಗೆದು ನೋಡಿದೆ. ಆಫೀಸಿನವರು ಒಬ್ಬರೂ ಇರಲಿಲ್ಲ. ಎಲ್ಲರೂ ಸೈಟಿನ ಫೋರ್‌ಮನ್‌ಗಳು. ಬಿಸಿಲಲ್ಲಿ ನಿಂತು, ಕೈಗವಸು ಬಿಚ್ಚಿ, ಫೋಟೋ ಹೊಡೆದು ಹಾಗೇ ಕಳಿಸಿಬಿಡುವವರು. ಫೋಟೋವೇ ಅವರ ವರದಿ. ಅಂದು ರೂಲೂ ಹಾಕಲಿಲ್ಲ, ಏನೂ ಅಳಿಸಲಿಲ್ಲ.

ಮರುದಿನ ದುಖಾನ್ ಸೈಟಿನ ಫೋರ್‌ಮನ್ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ವಿಜಯಪುರ ಕಡೆಯವರು. ಪಾಸ್‌ವರ್ಡ್ ಮರೆತಾಗೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು.

“ಅಕ್ಕಾರ, ರವಿವಾರ ನಂದು ಎನ್‌ಕ್ವಾಯರಿ ಐತ್ರಿ. ಸ್ಕ್ಯಾಫೋಲ್ಡಿಂಗ್ ಅಟ್ಟಣಿಗಿ ಕುಸಿದು ಒಬ್ಬಾಂವಂದು ಕಾಲು ಮುರೀತಲ್ರಿ, ಪೈಪ್ ಹಿಡಿಯೋ ಕ್ಲಾಂಪ್ ಸೀಳಿದ್ದು ನಾ ಹೇಳೇ ಇಲ್ಲ ಅಂತಾರ. ನಾ ಫೋಟೋ ಕಳಿಸೀನ್ರಿ. ನೌಕರಿ ಹೋದ್ರ ಹೋಗ್ಲಿ, ಆ ಕಾಲು ನನ್ನ ಮ್ಯಾಲ ಬರಬಾರದ್ರಿ.”

“ಎಂತ ಮಾರಾಯ್ರೆ, ಕಳಿಸಿದ್ರೆ ನಿಮ್ಮ ಫೋನಲ್ಲಿ ಇರ್ಬೇಕಲ್ಲ?”

“ಅಳಿಸೀನ್ರಿ. ಊರಿನ ಗ್ರೂಪಿನ್ಯಾಗ ದಿನಾ ಶುಭೋದಯ, ಶುಭೋದಯ. ಫೋನ್ ತುಂಬಿತ್ತು, ಫೋಟೋ, ಮೇಲ್ ಎಲ್ಲಾ ಅಳಿಸಿಬಿಟ್ಟೆ.”

ನಗುವೂ ಬಂತು, ಸಿಟ್ಟೂ ಬಂತು. ಪಕ್ಕದಲ್ಲಿ ಕೂರಿಸಿಕೊಂಡೆ. ಆರ್ಕೈವಿನಲ್ಲಿ ಪ್ರತಿಯೊಬ್ಬರೂ ತಮ್ಮ ಮೇಲನ್ನು ತಾವೇ ಹುಡುಕಬಹುದು. ಅವರೇ ಪಾಸ್‌ವರ್ಡ್ ಒತ್ತಿದರು, ಅವರೇ ಹುಡುಕಿದರು. ಕುಸಿತಕ್ಕೆ ಹನ್ನೊಂದು ದಿನ ಮೊದಲಿನ ಮೇಲ್ ಸಿಕ್ಕಿತು. ಮ್ಯಾನೇಜರಿಗೆ ಮಾತ್ರ ಕಳಿಸಿದ್ದು. ಸಬ್ಜೆಕ್ಟ್ ಖಾಲಿ. ತೆರೆದರೆ ಸೀಳಿದ ಕ್ಲಾಂಪ್; ಅಳತೆ ತಿಳಿಯಲೆಂದು ಪಕ್ಕದಲ್ಲಿಟ್ಟ ಹೆಬ್ಬೆರಳು, ಉಗುರು ಹಳೆಯ ಪೆಟ್ಟಿನಿಂದ ಉದ್ದಕ್ಕೆ ಒಡೆದದ್ದು. ಅವರು ತಮ್ಮ ಕೈಯನ್ನು ಪರದೆಯ ಪಕ್ಕ ಹಿಡಿದರು. ಅದೇ ಉಗುರು. ಕಣ್ಣೊರೆಸಿಕೊಂಡರು.

ಟೆಸ್ಟ್ ಡೇಟಾ ಯಾಕೆ ಖಲಾಸ್ ಆಗಬೇಕಿತ್ತು ಎಂದು ನನಗೆ ಆಗ ಅರ್ಥವಾಯಿತು. ಮೈಯೆಲ್ಲ ಉರಿಯಿತು. ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ನನ್ನ ವೀಸಾ ಆ ಕಂಪನಿಯದೇ. ಆದರೆ ಆರ್ಕೈವಿಗೆ ನಿರ್ದೇಶಕರು ಸಹಿ ಹಾಕಿದ ನಿಯಮವೊಂದಿತ್ತು: ಬಂದ ಮೇಲ್‌ಗಳೆಲ್ಲ ಏಳು ವರ್ಷ ಇರಬೇಕು. ಅದಕ್ಕೊಂದು ಬೀಗದ ಸೆಟ್ಟಿಂಗ್ ಇದೆ. ಹಾಕಿದ ಮೇಲೆ ಯಾರೂ ಏನನ್ನೂ ಅಳಿಸಲಾಗದು, ಹಾಕಿದವಳೂ ಸೇರಿ. ಭಾನುವಾರ ಹಾಕಬೇಕಾಗಿದ್ದ ಬೀಗವನ್ನು ಗುರುವಾರವೇ ಹಾಕಿದೆ. ಇದನ್ನು ಹಿಂದೆಗೆಯಲಾಗದು, ಮುಂದುವರಿಯಬೇಕೇ ಎಂದು ಸರ್ವರ್ ಕೇಳಿತು. ಹೌದು ಎಂದು ಒತ್ತಿದೆ.

ಆಮೇಲೆ ಮ್ಯಾನೇಜರಿಗೆ ಮೇಲ್ ಬರೆದೆ, ವಿಚಾರಣೆ ಮಾಡುವವರನ್ನೂ ಸಿಸಿಯಲ್ಲಿ ಹಾಕಿ: ನೀವು ನಿನ್ನೆ ಬಾಯಲ್ಲಿ ಹೇಳಿದಂತೆ ಅಳಿಸಲು ಆಗುವುದಿಲ್ಲ. ಸೈಟಿನವರ ಮೇಲ್‌ಗಳೆಲ್ಲ ಭದ್ರವಾಗಿವೆ.

ಐದು ನಿಮಿಷದಲ್ಲಿ ಫೋನ್ ಬಂತು. “ಯಾರನ್ನ ಕೇಳಿ ಮಾಡಿದ್ರಿ?”

“ಸರ್, ಆ ಪ್ರಶ್ನೆ ಮೇಲ್‌ನಲ್ಲಿ ಹಾಕಿ. ಉತ್ತರ ಅಲ್ಲೇ ಕೊಡ್ತೇನೆ,” ಎಂದೆ. ಆ ಮೇಲ್ ಇವತ್ತಿಗೂ ಬಂದಿಲ್ಲ.

ಭಾನುವಾರ ಫೋರ್‌ಮನ್ ವಿಚಾರಣೆಯಲ್ಲಿ ಆ ಫೋಟೋ ತೆರೆದು ಪಕ್ಕದಲ್ಲಿ ಹೆಬ್ಬೆರಳಿಟ್ಟರು. ಅವರ ಮೇಲಿನ ಆರೋಪ ಬಿದ್ದುಹೋಯಿತು. ನನ್ನನ್ನು ಸರ್ವರ್ ಕೆಲಸದಿಂದ ತೆಗೆದರು. ಈಗ ಪ್ರಿಂಟರಿಗೆ ಟೋನರ್ ಹಾಕುತ್ತೇನೆ. ಹಾಕಿಸಲಿ. ನನ್ನ ಕುರ್ಚಿ ಬದಲಾಯಿಸಿದರೆ ಆ ಬೀಗ ಬಿಚ್ಚುವುದಿಲ್ಲ.

ಮ್ಯಾನೇಜರ್ ಇನ್ನೂ ಅದೇ ಜಾಗದಲ್ಲಿದ್ದಾರೆ. ಹೋದ ತಿಂಗಳು ಅವರಿಂದ ಸುತ್ತೋಲೆ ಬಂತು: ಇನ್ನು ಮುಂದೆ ಪ್ರತಿ ಮೇಲಿಗೂ ಸಬ್ಜೆಕ್ಟ್ ಕಡ್ಡಾಯ. ಅವತ್ತೇ ದುಖಾನಿನಿಂದ ಫೋನ್.

“ಅಕ್ಕಾರ, ಸಬ್ಜೆಕ್ಟಿನ್ಯಾಗ ಏನ್ ಬರೀಲ್ರಿ?”

“ಎಂತದೂ ಬೇಡ ಅಣ್ಣ, ಖಾಲಿ ಬಿಡಿ. ಹೆಬ್ಬೆರಳು ಮಾತ್ರ ಮರೀಬೇಡಿ.”