ದೊಡ್ಡವ್ವ ನೋಡಿಬಂದ ಸಿನಿಮಾ

ನಿನ್ನೆ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾ ಒಂದನ್ನು ನೋಡಿದೆ. ಕೊನೆಗೆ ನಾಯಕಿ ಸತ್ತಳು. ನಾನು ದಂಗಾದೆ. ಚಿಕ್ಕಂದಿನಲ್ಲಿ ನಮ್ಮ ಬೆಟಗೇರಿಯ ಓಣಿಯಲ್ಲಿ ಕೇಳಿದ ಕಥೆಯಲ್ಲಿ ಆಕೆ ಬದುಕಿ ಉಳಿದಿದ್ದಳು.

ಮಗ್ಗ ಬಿಟ್ಟು ಎಲ್ಲರೂ ಟಾಕೀಸಿಗೆ ಹೋಗುವಂತಿರಲಿಲ್ಲ. ಓಣಿಯ ಪರವಾಗಿ ದೊಡ್ಡವ್ವ ನೋಡಿಬಂದು, ಮರುದಿನ ರಾಟೆಯಲ್ಲಿ ನೂಲು ಸುತ್ತುತ್ತ ಇಡೀ ಕಥೆ ಹೇಳುತ್ತಿದ್ದಳು. ಹಾಡು ಬಂದಾಗ ಮಗ್ಗಗಳೂ ಸುಮ್ಮನಾಗುತ್ತಿದ್ದವು. ಈ ಸಿನಿಮಾದ ಕಥೆ ಹೇಳಿದ ಸಲ ಅವ್ವ ಎದೆಬೇನೆಯಿಂದ ಹಾಸಿಗೆ ಹಿಡಿದಿದ್ದಳು. ಸಿನಿಮಾದ ನಾಯಕಿಗೂ ಅದೇ ಬೇನೆ.

"ಅಕ್ಕಾ, ಆಕಿ ಉಳದ್ಲೇನು?" ಅವ್ವ ಮಲಗಿದಲ್ಲಿಂದಲೇ ಕೇಳಿದಳು.

ದೊಡ್ಡವ್ವನ ರಾಟೆ ಒಂದು ಗಳಿಗೆ ನಿಂತಿತು. "ಉಳದ್ಲು. ಸತ್ರ ಗಂಡಗ ರೊಟ್ಟಿ ಬಡಿಯಾವ್ರು ಯಾರು?"

"ಸುಳ್ಳ ಹೇಳಬ್ಯಾಡ."

"ರೊಕ್ಕ ಕೊಟ್ಟು ನೋಡಿ ಬಂದಾಕಿ ನಾನೋ, ನೀನೋ?"

ಅವ್ವ ನಕ್ಕಳು. ಅಂದು ಅರ್ಧ ರೊಟ್ಟಿ ಹೆಚ್ಚಿಗೆ ತಿಂದಳು. ಮುಂದಿನ ಸಿನಿಮಾದ ಕಥೆ ಕೇಳಲು ಆಕೆ ಇರಲಿಲ್ಲ.

ಹೊಸ ಸಿನಿಮಾಗಳು ಅಚ್ಚುಕಟ್ಟು. ಅಳು ಕಡಿಮೆ, ಸುಳ್ಳೂ ಕಡಿಮೆ. ಲೆಕ್ಕ ಹಾಕಿದರೆ ಅವೇ ಮೇಲು. ಆದರೆ ನನ್ನ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಸಿನಿಮಾ ದೊಡ್ಡವ್ವ ಹೇಳಿದ್ದು. ಅದನ್ನು ಯಾರೂ ತೆಗೆದಿಲ್ಲ.

ನಿನ್ನೆ ಕಥೆ ಮುಗಿದಾಗ, ಏನಾತು ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮೊಬೈಲು ತಾನಾಗಿಯೇ ಇನ್ನೊಂದು ಸಿನಿಮಾ ಶುರು ಮಾಡಿತು.