ವಿಟ್ಠು ಪ್ರಭುವಿನ ಹೆಸರು

ರೋಜಿ ಬಾಯಿ, ಆ ಹೆಸರನ್ನು ನಾನು ದೇವಿಯ ಮುಂದೆ ಹೇಳಲಿಲ್ಲ. ಹೇಳಿದೆ ಎಂದು ನಿಮಗೆ ಸುಳ್ಳು ಹೇಳಿದೆ. ನೀವು ಕಳಿಸಿದ ಬಳೆ-ಖಣದ ಉಡಿಯನ್ನು ನನ್ನ ಹೆಸರಿನಲ್ಲಿ ಕೊಟ್ಟು ಬಂದೆ.

ಎರಡು ಸಾವಿರದ ನಾಲ್ಕೋ ಐದೋ ಇಸವಿಯ ಮಾತು. ದೋಹಾದಲ್ಲಿ ಇನ್ನೂ ಚರ್ಚು ಕಟ್ಟಿರಲಿಲ್ಲ. ಅಲ್ ಮನ್ಸೂರಾದ ಆ ಹಳೆಯ ಕಟ್ಟಡದಲ್ಲಿ ನಮ್ಮದು ಎದುರುಬದುರು ಬಾಗಿಲು. ಶುಕ್ರವಾರ ನೀವು ಕಿಟಕಿ ಮುಚ್ಚಿ ಜಪಸರ ಹಿಡಿದು ಕೂರುತ್ತಿದ್ದಿರಿ. ಈಚೆ ನಾನು ಅಡುಗೆಮನೆಯ ಕಪಾಟಿನಲ್ಲಿ ದೇವರಿಟ್ಟು ದೀಪ ಹಚ್ಚುತ್ತಿದ್ದೆ. ಇಬ್ಬರೂ ಮಂಗಳೂರಿನವರು, ಇಬ್ಬರ ಮನೆಮಾತೂ ಕೊಂಕಣಿ. ನಮ್ಮ ಕುಲದೇವಿ ಗೋವೆಯವಳು ಎಂದು ಮಾತಿಗೆ ಹೇಳಿದಾಗ ನಿಮ್ಮ ಕೈಯ ಚಹಾ ಅಲ್ಲೇ ನಿಂತಿತು.

"ನಮ್ಮವಳೂ ಅವಳೇ ಅಲ್ವಾ ಮಾರಾಯ್ತಿ!"

ಆಮೇಲೆ ಹೇಳಿದಿರಿ. ಪೋರ್ಚುಗೀಸರು ಬಂದು, ಅವರ ಬೆನ್ನಿಗೇ ಪಾದ್ರಿಗಳು ಬಂದು, ದೇವಸ್ಥಾನ ಕೆಡವಿದಾಗ ನಿಮ್ಮ ಹಿರಿಯರಾದ ಅಣ್ಣತಮ್ಮಂದಿರಲ್ಲಿ ತಮ್ಮನು ದೇವಿಯನ್ನು ಹೊತ್ತು ನದಿ ದಾಟಿದ. ಅಣ್ಣ ವಿಟ್ಠು ಪ್ರಭು ಮುದಿ ತಾಯಿಯನ್ನು ಬಿಟ್ಟು ಹೋಗಲಾರದೆ ಉಳಿದ, ಜ್ಞಾನಸ್ನಾನದ ನೀರು ಹಾಕಿಸಿಕೊಂಡ, ಡಿಸೋಜ ಆದ. ಅಂದಿನಿಂದ ನಿಮ್ಮ ಮನೆಯಲ್ಲಿ ಮಗಳ ಮದುವೆಗೆ ಮೊದಲು ಯಾರಾದರೂ ಹಿಂದೂಗಳ ಕೈಯಲ್ಲಿ ದೇವಿಗೆ ಉಡಿ ಹೋಗುತ್ತದೆ. ಗುಟ್ಟಾಗಿ, ಹೆಸರಿಲ್ಲದೆ.

ನಿಮ್ಮ ವಿಲ್ಮಾಳ ಮದುವೆ ಗೊತ್ತಾಗಿತ್ತು. ನಾನು ರಜೆಗೆ ಹೊರಟಿದ್ದೆ. ಹಸಿರು ಬಳೆ, ಕುಪ್ಪಸದ ಖಣ ತಂದುಕೊಟ್ಟಿರಿ, ಜೊತೆಗೆ ಆ ಹೆಸರು ಬರೆದ ಒಂದು ಚೀಟಿ.

"ಏಸು ನನ್ನವನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ತವರುಮನೆ ಮರೀಲಿಕ್ಕೆ ಆಗ್ತದಾ? ಈ ಸಲ ಹೆಸರು ಹೇಳು. ವಿಟ್ಠು ಪ್ರಭುವಿನ ಮನೆಯವರದ್ದು ಅಂತ. ಒಂದೇ ಸಲ. ಮತ್ತೆಂತ ಬೇಡ."

ತಲೆಯಾಡಿಸಿದೆ. ನಿಜವಾಗಿಯೂ ಹೇಳುವವಳೇ ಇದ್ದೆ—

ಗೋವೆಗೆ ಅತ್ತೆಯೂ ಬಂದಿದ್ದರು. ಮದುವೆಯಾಗಿ ಐದು ವರ್ಷವಾದರೂ ನನ್ನ ಮಡಿಲು ತುಂಬಿರಲಿಲ್ಲ, ನಿಮಗೆ ಗೊತ್ತು. ದೇವಸ್ಥಾನದ ಮೆಟ್ಟಿಲಲ್ಲಿ ನನ್ನ ಚೀಲದಿಂದ ಬಳೆ ಇಣುಕಿದ್ದು ಅತ್ತೆಯ ಕಣ್ಣಿಗೆ ಬಿತ್ತು. ಮಗುವಿಗಾಗಿ ನಾನೇ ಹರಕೆ ಹೊತ್ತು ತಂದಿದ್ದೇನೆ ಎಂದುಕೊಂಡರು. "ನೋಡು, ನಾನು ಹೇಳದೆಯೇ ತಂದಿದ್ದಾಳೆ" ಎಂದು ನನ್ನ ಗಂಡನಿಗೆ ಹೇಳಿದರು. ಐದು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಗರ್ಭಗುಡಿಯ ಹೊಸ್ತಿಲಲ್ಲಿ ಭಟ್ಟರು ಕೇಳಿದರು— "ಯಾರ ಹೆಸರಲ್ಲಿ?"

ಚೀಟಿ ನನ್ನ ಅಂಗೈಯಲ್ಲೇ ಇತ್ತು. ಬೆವರಿಗೆ ಒದ್ದೆಯಾಗಿತ್ತು. ನಾನು ನನ್ನ ಹೆಸರು ಹೇಳಿದೆ, ನನ್ನ ಗಂಡನ ಗೋತ್ರ ಹೇಳಿದೆ. ಹೆದರಿಕೆ ಎನ್ನಬಹುದಿತ್ತು, ಆದರೆ ಅದಲ್ಲ. ಕಣ್ಣು ಮುಚ್ಚಿದಾಗ ನಿಮ್ಮ ಬಳೆ, ನಿಮ್ಮ ಖಣವನ್ನೇ ಮುಂದಿಟ್ಟು ನನಗೊಂದು ಮಗು ಕೊಡು ಎಂದು ಬೇಡಿದೆ. ವಿಲ್ಮಾಳ ನೆನಪೇ ಬರಲಿಲ್ಲ.

ದೋಹಾಕ್ಕೆ ಮರಳಿ ಪ್ರಸಾದ ಕೊಟ್ಟೆ. "ಹೇಳಿದಿಯಾ?" ಎಂದಿರಿ. "ಹೇಳಿದೆ ಬಾಯಿ." ನೀವು ಆ ಕುಂಕುಮವನ್ನು ಕಣ್ಣಿಗೊತ್ತಿಕೊಂಡು ಅತ್ತಿರಿ. "ನಾನೂರು ವರ್ಷ ಹೊರಗೆ ನಿಂತಿದ್ದೆವು. ನೀನು ಒಳಗೆ ಕರ್ಕೊಂಡು ಹೋದೆ" ಎಂದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು.

ಮರುವರ್ಷ ನನಗೆ ಮಗಳು ಹುಟ್ಟಿದಳು. ಆಸ್ಪತ್ರೆಯಲ್ಲಿ ಅವಳನ್ನು ಮೊದಲು ಎತ್ತಿಕೊಂಡವರು ನೀವು.

ಮೊನ್ನೆ ವಿಲ್ಮಾ ಫೋನ್ ಮಾಡಿದ್ದಳು. ಮಕ್ಕಳಿಗಾಗಿ ಮನೆತನದ ಕತೆ ಬರೆಯುತ್ತಿದ್ದಾಳಂತೆ. "ಹೆಸರು ಹೇಳಿದಾಗ ಭಟ್ರು ಏನಂದ್ರು ಆಂಟಿ? ಮಮ್ಮಿ ಬಂದವರಿಗೆಲ್ಲ ಇದನ್ನೇ ಹೇಳ್ತಾರೆ." ನೆನಪಿಲ್ಲ ಎಂದು ಫೋನಿಟ್ಟೆ. ಇನ್ನೊಂದು ಸುಳ್ಳು. ನನ್ನ ಸುಳ್ಳನ್ನು ನೀವು ಇಷ್ಟು ವರ್ಷ ಸಂತೋಷದಿಂದ ಹಂಚುತ್ತಾ ಬಂದಿದ್ದೀರಿ ಎಂದು ನನಗೆ ತಿಳಿದಿರಲಿಲ್ಲ— ತಿಳಿಯದಂತೆ ಇದ್ದೆ.

ಕ್ಷಮಿಸಿ ಎನ್ನುವುದಿಲ್ಲ. ಹಳೆಯ ಪಾಸ್‌ಪೋರ್ಟಿನೊಳಗೆ ಬಚ್ಚಿಟ್ಟಿದ್ದ ಚೀಟಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅಕ್ಷರ ಸ್ವಲ್ಪ ಹರಡಿದೆ, ಓದಲು ಬರುತ್ತದೆ. ವಿಲ್ಮಾಳಿಗೆ ಹೇಳಿ, ಕತೆಯಲ್ಲಿ ಆ ಸಾಲು ಹೊಡೆದು ಹಾಕಲಿ. ವಿಟ್ಠು ಪ್ರಭುವಿನ ಹೆಸರನ್ನು ದೇವಿಯ ಮುಂದೆ ಇನ್ನೂ ಯಾರೂ ಹೇಳಿಲ್ಲ.